ಎಲ್ಲದಕ್ಕೂ "ಹೂಂ" ಅಂತಾರೆ, ಇಂಟರ್‌ವ್ಯೂ ಹೇಗೆ ಮಾಡ್ಲಿ?

ಪ್ರಶ್ನೆ: ನಾನು ಹಾಸನದ ಕಡೆಯವಳು, ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಪಿಎಚ್‌ಡಿ ಮಾಡ್ತಿದೀನಿ. ಬೌದ್ಧಿಕ ಅಸಾಮರ್ಥ್ಯ (ಮುಂಚೆ ಬುದ್ಧಿಮಾಂದ್ಯತೆ ಅಂತಿದ್ರಲ್ಲ, ಅದು) ಇರೋ ದೊಡ್ಡೋರು (20ರಿಂದ 45 ವಯಸ್ಸು) ದಿನ ಹೇಗೆ ಕಳೀತಾರೆ, ಕೆಲಸ, ದುಡ್ಡು, ಸ್ನೇಹ ಇದರ ಬಗ್ಗೆ ಅವರಿಗೇ ಏನನ್ಸುತ್ತೆ ಅನ್ನೋದು ನನ್ನ ವಿಷಯ. ಗೈಡ್ ಹೇಳ್ತಾರೆ, ಅಪ್ಪ ಅಮ್ಮಂದಿರನ್ನ ಇಂಟರ್‌ವ್ಯೂ ಮಾಡು ಸಾಕು, ಇವರಿಂದ ಡೇಟಾ ಬರಲ್ಲ ಅಂತ. ಹಠ ಮಾಡಿ ಒಬ್ಬರ ಜೊತೆ 40 ನಿಮಿಷ ಕೂತೆ. ಎಲ್ಲದಕ್ಕೂ "ಹೂಂ", "ಚೆನ್ನಾಗಿದೆ", ಅಷ್ಟೇ. ಉಳಿದಿದ್ದೆಲ್ಲ ಪಕ್ಕದಲ್ಲಿ ಕೂತಿದ್ದ ಅವರ ಅಮ್ಮಾನೇ ಹೇಳಿದ್ರು. ಒಪ್ಪಿಗೆ ಪತ್ರಕ್ಕೆ ಯಾರ ಸೈನ್ ತಗೋಬೇಕು ಅನ್ನೋದೂ ಗೊತ್ತಾಗ್ತಿಲ್ಲ. ಗೈಡ್ ಹೇಳಿದ್ದೇ ಸರೀನಾ?

ಉತ್ತರ: ಸರಿಯಲ್ಲ. ಆದ್ರೆ ಅವರು ಯಾಕೆ ಹಾಗೆ ಹೇಳ್ತಾರೆ ಅಂತ ನಂಗೆ ಅರ್ಥ ಆಗುತ್ತೆ, ನಿಮ್ಮ ಕೈಲಿರೋ ಅಂಥ ಟ್ರಾನ್ಸ್‌ಕ್ರಿಪ್ಟ್ (ಆಡಿದ ಮಾತನ್ನ ಹಾಗೇ ಬರೆದಿಟ್ಟಿದ್ದು) ನೋಡಿದ್ರೆ ಯಾರಿಗಾದ್ರೂ ಹಾಗೇ ಅನ್ಸುತ್ತೆ. ಹಾಗಾಗಿ ಅದರಿಂದಲೇ ಶುರು ಮಾಡೋಣ. ಒಂದು ಕೆಲಸ ಮಾಡಿ, ರೆಕಾರ್ಡಿಂಗ್ ಹಾಕ್ಕೊಂಡು ಅವರ ಉತ್ತರ ಬಿಟ್ಟು ನಿಮ್ಮ ಪ್ರಶ್ನೆಗಳನ್ನ ಮಾತ್ರ ಒಂದು ಹಾಳೇಲಿ ಬರೀರಿ. "ಇಲ್ಲಿ ಇಷ್ಟ ಅಲ್ವಾ?", "ಫ್ರೆಂಡ್ಸ್ ಇದಾರಲ್ವಾ?", "ಕೆಲಸ ಚೆನ್ನಾಗಿದೆಯಾ?", ಹೀಗೇ ಇರುತ್ತೆ ಅಂತ ನನ್ನ ಅಂದಾಜು, ಯಾಕಂದ್ರೆ ನನ್ನ ಮೊದಲನೇ ಇಂಟರ್‌ವ್ಯೂಗಳೂ ಹಾಗೇ ಇದ್ವು. "ಅಲ್ವಾ" ಅಂತ ಮುಗಿಯೋ ಮಾತಿಗೆ ನಮ್ಮಲ್ಲಿ ಯಾರು ತಾನೇ "ಅಲ್ಲ" ಅಂತಾರೆ? ಮನೆಗೆ ಬಂದ ನೆಂಟರು "ಎಲ್ಲಾ ಆರಾಮ ತಾನೇ?" ಅಂದ್ರೆ ನೀವೂ ನಾನೂ "ಹೂಂ" ಅಂತೀವಿ, ಒಳಗೇನೇ ಇರ್ಲಿ.

ಈ "ಹೂಂ" ಬಗ್ಗೆ ದೊಡ್ಡ ಚರ್ಚೆನೇ ನಡೆದಿದೆ. 1981ರಲ್ಲಿ ಅಮೆರಿಕದಲ್ಲಿ ಕ್ಯಾರಲ್ ಸೀಗಲ್‌ಮನ್ ಮತ್ತವರ ಜೊತೆಯವರು, ಒಂದಕ್ಕೊಂದು ಉಲ್ಟಾ ಇರೋ ಎರಡು ಪ್ರಶ್ನೆ ಕೇಳಿದ್ರೂ ಬೌದ್ಧಿಕ ಅಸಾಮರ್ಥ್ಯ ಇರೋರಲ್ಲಿ ತುಂಬಾ ಜನ ಎರಡಕ್ಕೂ ಹೌದು ಅಂತಾರೆ ಅಂತ ತೋರಿಸಿದ್ರು. ಆಮೇಲೆ ಎಷ್ಟೋ ವರ್ಷ ಇವರ ಮಾತು ನಂಬಕ್ಕಾಗಲ್ಲ ಅನ್ನೋದಕ್ಕೆ ಅದೇ ಲೇಖನ ಆಧಾರ ಆಗೋಯ್ತು. 1996ರಲ್ಲಿ ಬ್ರಿಟನ್ನಿನ ಮಾರ್ಕ್ ರ‍್ಯಾಪ್ಲಿ ಮತ್ತು ಚಾರ್ಲ್ಸ್ ಅಂಟಾಕಿ ಬೇರೆ ಥರ ನೋಡಿದ್ರು, ಜೀವನದ ಗುಣಮಟ್ಟ ಅಳೆಯೋ ಒಂದು ಪ್ರಶ್ನಾವಳಿ ಇಟ್ಕೊಂಡು ಮಾಡಿದ್ದ ಇಂಟರ್‌ವ್ಯೂ ಟೇಪುಗಳನ್ನ ಮಾತು ಮಾತು ಬಿಡಿಸಿ ಕೇಳಿದ್ರು. ಅವರಿಗೆ ಕಂಡಿದ್ದೇನಂದ್ರೆ ಆ ಜನ ಉತ್ತರ ಕೊಡ್ತಾನೇ ಇದಾರೆ, ಆದ್ರೆ ಕೇಳೋರಿಗೆ ಫಾರ್ಮಲ್ಲಿರೋ ಆಯ್ಕೆಗೆ ಹೊಂದೋ ಉತ್ತರ ಬೇಕು, ಅದು ಸಿಗೋವರೆಗೂ ತಿರುಗಿಸಿ ತಿರುಗಿಸಿ ಕೇಳ್ತಾರೆ, ಓ ನಾನು ಹೇಳಿದ್ದು ತಪ್ಪಿರ್ಬೇಕು ಅಂತ ಆ ಮನುಷ್ಯ ಕೊನೆಗೆ ಮಾತು ಬದಲಾಯಿಸ್ತಾನೆ. ಅಂದ್ರೆ ಹೂಂ ಅನ್ನೋದು ಅವರ ಬುದ್ಧಿಯ ಲಕ್ಷಣ ಅಂತ ನಾವು ಕರೀತಿದ್ದಿದ್ದು ಅರ್ಧಕ್ಕರ್ಧ ನಾವು ಕೇಳೋ ರೀತಿಯಿಂದ ಹುಟ್ಟಿದ್ದು. ಅವರ ಬದುಕನ್ನ ಸ್ವಲ್ಪ ನೆನೆಸ್ಕೊಳ್ಳಿ, ಚಿಕ್ಕಂದಿನಿಂದ ಪ್ರಶ್ನೆ ಅಂದ್ರೆ ಪರೀಕ್ಷೆ, ಇದು ಯಾವ ಬಣ್ಣ, ಇದು ಎಷ್ಟು ಬೆರಳು, ಅಂಗವೈಕಲ್ಯದ ಸರ್ಟಿಫಿಕೇಟಿಗೆ ಒಂದ್ಸಲ, ಕಾರ್ಡಿಗೆ ಒಂದ್ಸಲ, ತಪ್ಪು ಹೇಳಿದ್ರೆ ಅಮ್ಮನ ಮುಖ ಬಾಡೋದನ್ನ ನೋಡಿ ಬೆಳೆದೋರು. ಪೆನ್ನು ಪೇಪರ್ ಹಿಡ್ಕೊಂಡು ಎದುರಿಗೆ ಕೂತ ನೀವು ಅವರ ಕಣ್ಣಿಗೆ ಇನ್ನೊಬ್ಬ ಪರೀಕ್ಷೆ ಟೀಚರ್.

ಇಂಗ್ಲಿಷಲ್ಲಿ ಬಂದಿರೋ ಮಾರ್ಗದರ್ಶನಗಳಲ್ಲಿ ಸಿಗದೇ ಇರೋ ಕೆಲವು ಗುಂಡಿಗಳು ನಮ್ಮ ಕನ್ನಡದಲ್ಲೇ ಇವೆ, ಇವನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ. "ಬೇಜಾರಾಗಲ್ವಾ?" ಅಂತ ಕೇಳಿದ್ರೆ ಬರೋ "ಹೂಂ"ಗೆ ಎರಡು ಅರ್ಥ, ಹೂಂ ಆಗಲ್ಲ ಅಂತಾನೂ ಆಗ್ಬಹುದು, ಹೂಂ ಆಗುತ್ತೆ ಅಂತಾನೂ ಆಗ್ಬಹುದು, ಹಾಗಾಗಿ ಇಲ್ಲ-ಅಲ್ಲ ಬರೋ ಪ್ರಶ್ನೆ ಕೇಳ್ಲೇಬೇಡಿ. "ಇಷ್ಟಾನೋ ಕಷ್ಟಾನೋ" ಅಂದ್ರೆ ಕೊನೆಗೆ ಕಿವೀಲಿ ಉಳಿದ ಮಾತನ್ನೇ ವಾಪಸ್ ಹೇಳೋರಿದಾರೆ, ಅಂಥ ಕಡೆ ಅದೇ ಪ್ರಶ್ನೇನ ಇನ್ನೊಂದು ದಿನ ತಿರುಗಿಸಿ "ಕಷ್ಟಾನೋ ಇಷ್ಟಾನೋ" ಅಂತ ಕೇಳಿ, ಉತ್ತರ ಬದಲಾದ್ರೆ ಅದನ್ನ ಎರಡು ಸಲದ್ದೂ ಬರ್ಕೊಳ್ಳಿ. "ಯಾಕೆ" ಅನ್ನೋ ಪದ ಬಿಟ್ಟುಬಿಡಿ. ನಮ್ಮ ಮನೆಗಳಲ್ಲಿ "ಯಾಕೆ ಹೋಗ್ಲಿಲ್ಲ?" ಅಂದ್ರೆ ಅದು ಪ್ರಶ್ನೆ ಅಲ್ಲ, ಬೈಗುಳ, ತಕ್ಷಣ ತಲೆ ತಗ್ಗಿಸಿ ಸುಮ್ಮನಾಗ್ತಾರೆ. ಬದಲಿಗೆ "ಆಮೇಲೆ ಏನಾಯ್ತು?", "ಆಗ ಅಲ್ಲಿ ಯಾರಿದ್ರು?" ಸಾಕು, ಕಾರಣ ತಾನಾಗೇ ಹಿಂದೆ ಬರುತ್ತೆ. ವರ್ಷ ತಿಂಗಳು ಕೇಳ್ಬೇಡಿ, "ಗಣಪತಿ ಹಬ್ಬಕ್ಕೆ ಮುಂಚೇನಾ", "ನಿಮ್ಮಕ್ಕನ ಮದುವೆ ಹೊತ್ತಿಗೆ ನೀವು ಎಲ್ಲಿಗೆ ಹೋಗ್ತಿದ್ರಿ" ಅಂತ ಕೇಳಿ. ಮತ್ತೆ ಒಂದು ಪ್ರಶ್ನೆ ಕೇಳಿದ್ಮೇಲೆ ಸುಮ್ಮನಿರೋದು ಕಲೀರಿ, ನಾನು ಮನಸ್ಸಲ್ಲೇ ಹತ್ತು ಎಣಿಸ್ತೀನಿ, ಕೆಲವರಿಗೆ ಇಪ್ಪತ್ತು ಬೇಕು, ಆ ಮೌನದಲ್ಲಿ ಅವರು ಮಾತು ಹುಡುಕ್ತಿರ್ತಾರೆ, ಅಷ್ಟರಲ್ಲಿ ನೀವು ಪ್ರಶ್ನೆ ಬದಲಾಯಿಸಿದ್ರೆ ಅವರು ಮತ್ತೆ ಮೊದಲಿಂದ ಶುರು ಮಾಡ್ಬೇಕು.

ಕರೆಯೋದ್ರಲ್ಲೂ ಎಚ್ಚರ ಇರ್ಲಿ. 40 ವರ್ಷದ ಗಂಡಸನ್ನ ಇಡೀ ಊರು "ಮಗು", "ಪುಟ್ಟಾ" ಅಂತ ಕರೀತಿರುತ್ತೆ, ಅವರು ಹೋಗೋ ತರಬೇತಿ ಸೆಂಟರಲ್ಲೂ "ನಮ್ಮ ಮಕ್ಕಳು" ಅಂತಾರೆ, ಪ್ರೀತಿಯಿಂದಲೇ. ನೀವು "ನೀವು" ಅಂತ ಕರೆದು, "ನಿಮ್ಮನ್ನ ಹೇಗೆ ಕರೀಲಿ?" ಅಂತ ಕೇಳಿ ನೋಡಿ, ಕೂರೋ ಭಂಗಿನೇ ಬದಲಾಗುತ್ತೆ. ಕೆಲವರಿಗೆ ನೀವು ಅಂದ್ರೆ ದೂರ ಅನ್ಸುತ್ತೆ, "ಅಣ್ಣ ಅನ್ನಿ" ಅಂತಾರೆ, ಅವರು ಹೇಳಿದ ಹಾಗೆ ಕರೀರಿ.

ಇನ್ನು ಎದುರುಬದುರು ಕುರ್ಚಿ ಹಾಕ್ಕೊಂಡು ಕೂರೋದು. ನಂಗೆ ಗೊತ್ತಿರೋ ಮಟ್ಟಿಗೆ ಈ ಜನರ ಜೊತೆ ಅತ್ಯಂತ ಕಡಿಮೆ ಮಾತು ಬರೋ ಜಾಗ ಅದು. ಒಂದು ತರಬೇತಿ ಕೇಂದ್ರದಲ್ಲಿ ದೀಪದ ಬತ್ತಿ ಹೊಸೆಯೋ ಒಬ್ಬರು ಇದ್ರು, ವಯಸ್ಸು 38. ಮೊದಲೆರಡು ಸಲ ಆಫೀಸ್ ರೂಮಲ್ಲಿ ಕೂತು ಮಾತಾಡಿದ್ವಿ, ಸಂಬಳ ಹೇಗಿದೆ ಅಂದ್ರೆ ಚೆನ್ನಾಗಿದೆ, ದುಡ್ಡು ಏನ್ ಮಾಡ್ತೀರಾ ಅಂದ್ರೆ ಚೆನ್ನಾಗಿದೆ, ಬಾಗಿಲ ಆಚೆ ಟೀಚರ್ ಓಡಾಡ್ತಿದ್ರು ಅನ್ನೋದು ಆಮೇಲೆ ಹೊಳೀತು. ಮೂರನೇ ಸಲ ನಾನೂ ಅವರ ಪಕ್ಕ ನೆಲದ ಮೇಲೆ ಕೂತು ಬತ್ತಿ ಹೊಸೆಯಕ್ಕೆ ಶುರು ಮಾಡಿದೆ, ನಂದು ಸರಿ ಬರ್ತಿರ್ಲಿಲ್ಲ, ಅವರೇ ನನ್ನ ಕೈ ಹಿಡಿದು ಹೇಳಿಕೊಟ್ರು. ಅರ್ಧ ಗಂಟೆ ಇಬ್ರೂ ಏನೂ ಮಾತಾಡ್ಲಿಲ್ಲ. ಆಮೇಲೆ ಹತ್ತಿ ಮೇಲೇ ಕಣ್ಣಿಟ್ಕೊಂಡು "ದುಡ್ಡು ಅಣ್ಣ ಇಟ್ಕೊತಾನೆ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು "ನಂಗೆ ಬೆಲ್ಟ್ ಬೇಕು". ಆಗ ನೋಡಿದೆ, ಅವರ ಪ್ಯಾಂಟಿಗೆ ಮನೇಲಿ ಎಲಾಸ್ಟಿಕ್ ಹಾಕಿ ಹೊಲಿದಿದ್ರು, ಹಾಕಿ ತೆಗೆಯಕ್ಕೆ ಸುಲಭ ಆಗ್ಲಿ ಅಂತ. ಅಣ್ಣ ಬೆಲ್ಟ್ ಹಾಕ್ತಾನೆ, ಕೇಂದ್ರದ ಡ್ರೈವರ್ ಬೆಲ್ಟ್ ಹಾಕ್ತಾನೆ, ಇವರಿಗಿಲ್ಲ. ದುಡ್ಡಿನ ಬಗ್ಗೆ ನಾನು ಬರೆದ ಇಡೀ ಅಧ್ಯಾಯ ಆ ಎರಡು ವಾಕ್ಯದ ಮೇಲೆ ನಿಂತಿದೆ, ಅಣ್ಣನನ್ನ ಎಷ್ಟು ಇಂಟರ್‌ವ್ಯೂ ಮಾಡಿದ್ರೂ ಬೆಲ್ಟ್ ವಿಷಯ ಬರ್ತಿರ್ಲಿಲ್ಲ, ಅವನೇನೂ ಕೆಟ್ಟವನಲ್ಲ, ತಮ್ಮನ ಹೆಸರಲ್ಲಿ ದುಡ್ಡು ಕಟ್ತಿದ್ದ, ಅವನ ತಲೆಗೆ ಅದು ಬಂದೇ ಇರ್ಲಿಲ್ಲ ಅಷ್ಟೇ.

ಹಾಗಾಗಿ ಜೊತೇಲಿ ಕೆಲಸ ಮಾಡಿ, ಬಸ್ ಸ್ಟಾಪಿನವರೆಗೆ ನಡೀರಿ, ಅವರ ಕೈಗೆ ಫೋನ್ ಕೊಟ್ಟು "ನಿಮಗೆ ಇಷ್ಟವಾದ ಜಾಗದ ಫೋಟೋ ತೆಗೀರಿ" ಅಂತ ಹೇಳಿ ಆಮೇಲೆ ಆ ಫೋಟೋ ಇಟ್ಕೊಂಡು ಮಾತಾಡಿ. ಒಂದೇ ಸಲಕ್ಕೆ ಮುಗಿಸೋ ಆಸೆ ಬಿಡಿ, ಒಬ್ಬೊಬ್ಬರಿಗೆ ಕನಿಷ್ಠ ನಾಲ್ಕೈದು ಭೇಟಿ, ಒಂದೊಂದೂ 20-25 ನಿಮಿಷ, ಮೊದಲನೇದ್ರಲ್ಲಿ ರೆಕಾರ್ಡರ್ ಹೊರಗೆ ತೆಗೀಲೇಬೇಡಿ. 30 ಜನರ ಪ್ಲಾನ್ ಇದ್ರೆ 8-10 ಜನಕ್ಕೆ ಇಳಿಸಿ, ಗುಣಾತ್ಮಕ ಸಂಶೋಧನೇಲಿ (ಲೆಕ್ಕಕ್ಕಿಂತ ಅನುಭವದ ಆಳ ನೋಡೋದ್ರಲ್ಲಿ) ಇದನ್ನ ಸಮರ್ಥಿಸ್ಕೊಳ್ಳೋದು ಕಷ್ಟ ಅಲ್ಲ.

ಮಾತೇ ಇಲ್ಲದವರು, ಅಥವಾ ಒಂದೆರಡು ಪದ ಮಾತ್ರ ಇರೋರನ್ನ ಲಿಸ್ಟಿಂದ ತೆಗೆದುಬಿಡೋದು ಎಲ್ಲರೂ ಮಾಡೋ ತಪ್ಪು, "ಮಾತಾಡಬಲ್ಲವರನ್ನು ಮಾತ್ರ ಆಯ್ಕೆ ಮಾಡಲಾಯಿತು" ಅಂತ ಒಂದು ಸಾಲು ಬರೆದು ಕೈತೊಳ್ಕೊಳ್ತಾರೆ. 1996ರಲ್ಲೇ ಬ್ರಿಟನ್ನಿನ ಸಂಶೋಧಕರಾದ ಟಿಮ್ ಬೂತ್ ಮತ್ತು ವೆಂಡಿ ಬೂತ್ ಡ್ಯಾನಿ ಅನ್ನೋ (ನಿಜ ಹೆಸರಲ್ಲ) ಯುವಕನ ಬಗ್ಗೆ ಬರೆದ್ರು, ಅವನು ಹೆಚ್ಚಾಗಿ ಒಂದೊಂದೇ ಪದದಲ್ಲಿ ಉತ್ತರ ಕೊಡ್ತಿದ್ದ. ಮುಕ್ತ ಪ್ರಶ್ನೆ (ಹೌದು-ಅಲ್ಲ ಅಂತ ಮುಗಿಯದೇ ಇರೋದು) ಕೇಳಿ ಅಂತ ಪುಸ್ತಕ ಹೇಳುತ್ತೆ, ಅವನಿಗೆ ಅದು ಆಗ್ತಿರ್ಲಿಲ್ಲ, ಹಾಗಾಗಿ ಇವರು ಸಣ್ಣ ಸಣ್ಣ ನೇರ ಪ್ರಶ್ನೆ ಕೇಳಿ, ಇದಲ್ಲ, ಇದೂ ಅಲ್ಲ, ಹಾಗಾದ್ರೆ ಇದಾ, ಅಂತ ಒಂದೊಂದೇ ಸಾಧ್ಯತೆ ಕಳೀತಾ ಹೋಗಿ ಅವನ ಕಥೆ ಹಿಡಿದ್ರು, ಅವನು ಎಲ್ಲಿ ಸುಮ್ಮನಾಗ್ತಾನೆ ಅನ್ನೋದನ್ನೂ ಓದಿದ್ರು. ಅಂದ್ರೆ ಬರೀ "ಹೂಂ" ತರುತ್ತೆ ಅಂತ ನಾನು ಮೇಲೆ ಎಚ್ಚರಿಸಿದ ಹೌದು-ಅಲ್ಲ ಪ್ರಶ್ನೆನೇ ಕೆಲವರಿಗೆ ಬಾಗಿಲು. ಮನುಷ್ಯನನ್ನ ನೋಡ್ಕೊಂಡು ನಿರ್ಧಾರ ಮಾಡ್ಬೇಕು. ಚಿತ್ರದ ಕಾರ್ಡು ಬಳಸೋದಾದ್ರೆ ಇಂಟರ್ನೆಟ್ಟಿನ ಕಾರ್ಟೂನ್ ಬೇಡ, ಅವರದ್ದೇ ತಟ್ಟೆ, ಅವರದ್ದೇ ಬಸ್ಸು, ಅವರ ಸೆಂಟರಿನ ಗೇಟು, ಇವುಗಳ ಫೋಟೋ ಪ್ರಿಂಟ್ ಹಾಕಿಸಿ, ಒಂದು ಚಾಪೆ ಮೇಲೆ ಇಷ್ಟ ಇರೋದು ಈ ಕಡೆ, ಬೇಡ ಅನ್ನೋದು ಆ ಕಡೆ, ಗೊತ್ತಿಲ್ಲ ಅನ್ನೋದು ಮಧ್ಯೆ ಇಡಕ್ಕೆ ಹೇಳಿ. ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಟಾಕಿಂಗ್ ಮ್ಯಾಟ್ಸ್ ಅನ್ನೋ ವಿಧಾನ ಹೆಚ್ಚುಕಡಿಮೆ ಇದೇ.

ಅಮ್ಮನ ವಿಷಯ. ದಯವಿಟ್ಟು ಅವರ ಮೇಲೆ ಸಿಟ್ಟಾಗ್ಬೇಡಿ, ಮೂವತ್ತು ವರ್ಷದಿಂದ ಮಗನ ಪರವಾಗಿ ಡಾಕ್ಟರ ಹತ್ರ, ಸ್ಕೂಲಲ್ಲಿ, ಸರ್ಕಾರಿ ಆಫೀಸಲ್ಲಿ ಮಾತಾಡಿದ ಬಾಯಿ ಅದು, ನೀವು ಬಂದ್ರಿ ಅಂತ ಒಂದೇ ದಿನಕ್ಕೆ ನಿಲ್ಲಲ್ಲ. ಅವರಿಗೆ ಬೇರೆ ಟೈಮ್ ಕೊಡಿ, ಅವರದ್ದೇ ಒಂದು ಇಂಟರ್‌ವ್ಯೂ ಮಾಡಿ, ಮನಸ್ಸು ಬಿಚ್ಚಿ ಹೇಳ್ಕೊಳ್ಳಕ್ಕೆ ಅವರಿಗೂ ಯಾರೂ ಇರಲ್ಲ. ಆಮೇಲೆ "ಅಮ್ಮಾ, ಅವರ ಮಾತು ನಂಗೆ ಅರ್ಥ ಆಗ್ದಿದ್ರೆ ಮಾತ್ರ ಸಹಾಯ ಮಾಡಿ, ಉತ್ತರ ಅವರದ್ದೇ ಇರ್ಲಿ" ಅಂತ ಮುಂಚೆನೇ ಹೇಳಿ, ಒಂದೆರಡು ಭೇಟಿ ಅವರಿಲ್ಲದಾಗ ಇಟ್ಕೊಳ್ಳಿ. ಟ್ರಾನ್ಸ್‌ಕ್ರಿಪ್ಟಲ್ಲಿ ಯಾರು ಏನು ಹೇಳಿದ್ರು ಅನ್ನೋದು ಬೇರೆ ಬೇರೆ ಕಾಣ್ಬೇಕು, ಅಮ್ಮನ ವಾಕ್ಯವನ್ನ ಮಗನ ಬಾಯಿಗೆ ಹಾಕೋದು ಸುಳ್ಳು ಡೇಟಾ. ಗೈಡಿಗೂ ಇದನ್ನೇ ಹೇಳಿ, ಅಪ್ಪ ಅಮ್ಮ ಹೇಳೋದು ಅಪ್ಪ ಅಮ್ಮನ ಅನುಭವ, ನಿಮ್ಮ ಪ್ರಶ್ನೆ ಅದಲ್ಲ.

ಈಗ ಒಪ್ಪಿಗೆ. ಎಥಿಕ್ಸ್ ಕಮಿಟಿಗಳು (ಸಂಶೋಧನೆಯಿಂದ ಯಾರಿಗೂ ಅನ್ಯಾಯ ಆಗ್ದಿರೋ ಹಾಗೆ ನೋಡಿ ಅನುಮತಿ ಕೊಡೋ ಸಮಿತಿಗಳು) ಈ ಜನರ ವಿಷಯದಲ್ಲಿ ಹೆದರೋದಕ್ಕೆ ಕಾರಣ ಇದೆ, ನ್ಯೂಯಾರ್ಕಿನ ವಿಲೋಬ್ರೂಕ್ ಅನ್ನೋ ಸಂಸ್ಥೇಲಿ 1950ರ ದಶಕದಿಂದ 1970ರ ಹೊತ್ತಿಗೆ ಬೌದ್ಧಿಕ ಅಸಾಮರ್ಥ್ಯ ಇದ್ದ ಮಕ್ಕಳಿಗೆ ಬೇಕಂತಲೇ ಹೆಪಟೈಟಿಸ್ ಸೋಂಕು ಹಚ್ಚಿ ಅಧ್ಯಯನ ಮಾಡಿದ್ರು, ಅದಕ್ಕೆ ಅಪ್ಪ ಅಮ್ಮಂದಿರ ಸೈನೂ ತಗೊಂಡಿದ್ರು. ಅಂದ್ರೆ ಪೋಷಕರ ಸೈನ್ ಒಂದೇ ಯಾರನ್ನೂ ಕಾಪಾಡಲ್ಲ. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ (2017ರ ಏಪ್ರಿಲ್‌ನಿಂದ ಜಾರೀಲಿದೆ) 6ನೇ ಸೆಕ್ಷನ್ ಸಂಶೋಧನೆ ಬಗ್ಗೆನೇ ಮಾತಾಡುತ್ತೆ, ಆ ವ್ಯಕ್ತಿಗೆ ಅರ್ಥ ಆಗೋ ರೀತೀಲಿ ಹೇಳಿ ಪಡೆದ ಮುಕ್ತ ಒಪ್ಪಿಗೆ ಬೇಕು, ಜೊತೆಗೆ ಸರ್ಕಾರ ರಚಿಸಿದ ಅಂಗವೈಕಲ್ಯ ಸಂಶೋಧನಾ ಸಮಿತಿಯ ಮುಂಚಿತ ಅನುಮತಿನೂ ಬೇಕು, ಆ ಸಮಿತೀಲಿ ಕಡೇಪಕ್ಷ ಅರ್ಧ ಜನ ಸ್ವತಃ ವಿಕಲಚೇತನರು ಅಥವಾ ಅವರ ನೋಂದಾಯಿತ ಸಂಘಗಳ ಸದಸ್ಯರಿರ್ಬೇಕು. ಯೂನಿವರ್ಸಿಟಿ ಕಮಿಟಿ ಓಕೆ ಅಂದ್ರೆ ಮುಗೀತು ಅಂತ ತುಂಬಾ ಜನ ಅಂದ್ಕೊಂಡಿದಾರೆ. ನೀವು ರಾಜ್ಯದ ವಿಕಲಚೇತನರ ಆಯುಕ್ತರ ಕಚೇರಿಗೆ ಬರೆದು ಕೇಳಿ, ಆ ಪತ್ರದ ಕಾಪಿ ಇಟ್ಕೊಳ್ಳಿ.

ಸೈನ್ ಯಾರದ್ದು ಅಂದ್ರೆ, ಮೊದಲು ಅವರದ್ದು. 18 ದಾಟಿದ ಮೇಲೆ ಅಪ್ಪ ಅಮ್ಮ ತಾನಾಗೇ ಕಾನೂನುಬದ್ಧ ಪಾಲಕರಾಗಿ ಮುಂದುವರಿಯಲ್ಲ, 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಪಡೀಬೇಕು, ಎಷ್ಟೋ ಕುಟುಂಬಕ್ಕೆ ಇದು ಗೊತ್ತೇ ಇರಲ್ಲ. ಪಾಲಕರು ಇದ್ರೆ ಅವರ ಅನುಮತಿನೂ ತಗೊಳ್ಳಿ, ಆದ್ರೆ ಪಾಲಕರು ಹೂಂ ಅಂದು ಆ ವ್ಯಕ್ತಿ ಮುಖ ತಿರುಗಿಸಿದ್ರೆ ಉತ್ತರ "ಬೇಡ" ಅಂತಲೇ, ಅಲ್ಲಿಗೆ ಮುಗೀತು. ನಿಮ್ಮ ಒಪ್ಪಿಗೆ ಪತ್ರದಲ್ಲಿ "ಸದರಿ ಸಂಶೋಧನೆಯಲ್ಲಿ ಸ್ವಯಂಪ್ರೇರಿತನಾಗಿ ಭಾಗವಹಿಸಲು ಸಮ್ಮತಿಸುತ್ತೇನೆ" ಅಂತ ಇದ್ರೆ ಹರಿದು ಹಾಕಿ, ಅದು ಅವರ ಅಮ್ಮನಿಗೂ ಅರ್ಥ ಆಗಲ್ಲ. "ನಾನು ನಿಮ್ಮ ಕೆಲಸದ ಬಗ್ಗೆ ಕೇಳ್ತೀನಿ. ಫೋನಲ್ಲಿ ನಿಮ್ಮ ಮಾತು ಹಿಡ್ಕೋತೀನಿ. ಬೇಡ ಅಂದ್ರೆ ಬೇಡ ಅನ್ನಿ. ಯಾರೂ ಬೈಯಲ್ಲ." ಹೀಗೆ, ಒಂದು ಸಾಲಿಗೆ ಒಂದೇ ವಿಷಯ, ಪಕ್ಕದಲ್ಲಿ ಒಂದು ಫೋಟೋ, ದೊಡ್ಡ ಅಕ್ಷರ, ಓದಕ್ಕೆ ಬರದೇ ಇದ್ರೆ ನೀವೇ ಓದಿ ಹೇಳಿ. ರೆಕಾರ್ಡ್ ಅಂದ್ರೇನು ಅಂತ ಬಾಯಲ್ಲಿ ವಿವರಿಸೋ ಬದಲು ಅವರ ಧ್ವನಿ ರೆಕಾರ್ಡ್ ಮಾಡಿ ಕೇಳಿಸಿ, ಡಿಲೀಟ್ ಮಾಡಿ ತೋರಿಸಿ.

ನಾನು ತುಂಬಾ ನೆಚ್ಕೊಂಡಿರೋದು ಇನ್ನೊಂದು, ಬೇಡ ಅನ್ನೋದನ್ನ ಮೊದಲು ಅಭ್ಯಾಸ ಮಾಡಿಸೋದು. ಒಂದು ಕೆಂಪು ಕಾರ್ಡ್ ಅವರ ಕೈಗೆ ಕೊಟ್ಟು ನಾನು ಏನಾದ್ರೂ ಮಾತಾಡ್ತಾ ಇರ್ತೀನಿ, ಅವರು ಕಾರ್ಡ್ ಎತ್ತಿದ ತಕ್ಷಣ ಅರ್ಧ ಪದದಲ್ಲೇ ಬಾಯಿ ಮುಚ್ಚಿಕೊಳ್ತೀನಿ. ಮೂರ್ನಾಲ್ಕು ಸಲ ಮಾಡಿದ್ಮೇಲೆ ಅವರಿಗೆ ನಂಬಿಕೆ ಬರುತ್ತೆ. ಒಬ್ಬ ಹೆಣ್ಣುಮಗಳು ಹನ್ನೊಂದು ಸಲ ಎತ್ತಿದ್ರು, ಪ್ರತಿ ಸಲ ನಿಲ್ಲಿಸ್ದೆ, ಪ್ರತಿ ಸಲ ನಕ್ಕರು, ಅವರ ಜೀವನದಲ್ಲಿ ದೊಡ್ಡೋರೊಬ್ರು ಅವರು ಹೇಳಿದ ತಕ್ಷಣ ಸುಮ್ಮನಾಗಿದ್ದು ಅದೇ ಮೊದಲೇನೋ. ಪ್ರತಿ ಭೇಟೀಲೂ ಒಪ್ಪಿಗೆ ಮತ್ತೆ ಕೇಳಿ, ಹೋದ ವಾರ ಒಪ್ಪಿದ್ರು ಅನ್ನೋದು ಈ ವಾರಕ್ಕೆ ಲೆಕ್ಕ ಇಲ್ಲ.

ಒಂದು ಕಷ್ಟದ ಮಾತು, ಇದನ್ನ ಮುಂಚೆನೇ ಯೋಚಿಸಿಟ್ಕೊಳ್ಳಿ. ಯಾರೂ ಕೇಳದೇ ಇದ್ದೋರನ್ನ ಕೂತು ಕೇಳಿದಾಗ ಹೊಡೆತದ್ದು, ಮೈ ಮುಟ್ಟಿದ್ದರದ್ದು ಮಾತು ಬರಬಹುದು. 18ರ ಒಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ರೆ ಪೋಕ್ಸೊ (ಮಕ್ಕಳನ್ನ ಅದರಿಂದ ಕಾಪಾಡೋ ಕಾಯ್ದೆ) ಪ್ರಕಾರ ತಿಳಿಸ್ಲೇಬೇಕು, ಅಲ್ಲಿ ನೋಡೋದು ಹುಟ್ಟಿದ ವಯಸ್ಸನ್ನ, ಮಾನಸಿಕ ವಯಸ್ಸನ್ನ ಅಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದೊಡ್ಡೋರ ವಿಷಯದಲ್ಲಿ ಅವರ ಜೊತೆ ಕೂತು ಮುಂದೇನು ಅಂತ ನಿರ್ಧಾರ ಮಾಡಕ್ಕೆ ಒಬ್ಬ ಕೌನ್ಸೆಲರ್, ಒಬ್ಬ ವಕೀಲರ ನಂಬರ್ ಮೊದಲೇ ಇಟ್ಕೊಂಡಿರಿ. "ಯಾರಿಗೂ ಹೇಳಲ್ಲ" ಅಂತ ಮಾತ್ರ ಯಾವತ್ತೂ ಮಾತು ಕೊಡ್ಬೇಡಿ, "ನಿಮಗೆ ಯಾರಾದ್ರೂ ನೋವು ಮಾಡ್ತಿದ್ರೆ ಸಹಾಯಕ್ಕೆ ಇನ್ನೊಬ್ಬರಿಗೆ ಹೇಳ್ತೀನಿ" ಅಂತ ಮೊದಲ ದಿನವೇ ಹೇಳಿ.

ಅನಾಲಿಸಿಸ್ ಬಗ್ಗೆ ಉದ್ದಕ್ಕೆ ಹೇಳಲ್ಲ. ಮಾತು ಕಡಿಮೆ ಇದೆ ಅಂತ ಹೆದರ್ಬೇಡಿ, "ಹೂಂ" ಅಂತ ಸುಮ್ಮನೆ ಬರೀಬೇಡಿ, ಎಳೆದು ಅಂದಿದ್ದಾ, ತಟಕ್ಕನೆ ಅಂದಿದ್ದಾ, ಬಾಗಿಲ ಕಡೆ ನೋಡ್ಕೊಂಡಾ ಅಂತ ಆವತ್ತೇ ನೋಟ್ಸಲ್ಲಿ ಬರೀರಿ. ಕೋಡಿಂಗ್ (ಮಾತುಗಳಿಗೆ ವಿಷಯದ ಗುರುತು ಹಾಕಿ ವಿಂಗಡಿಸೋದು) ಕನ್ನಡದಲ್ಲೇ ಮಾಡಿ, ಇಂಗ್ಲಿಷಿಗೆ ತಿರುಗಿಸೋದು ಕೊನೆಗೆ. ಬ್ರಿಟಿಷ್ ಲೇಖನ ಓದ್ವಾಗ ಅಲ್ಲಿ ಲರ್ನಿಂಗ್ ಡಿಸೆಬಿಲಿಟಿ ಅಂದ್ರೆ ಬೌದ್ಧಿಕ ಅಸಾಮರ್ಥ್ಯ, ನಮ್ಮಲ್ಲಿ ಹೇಳೋ ಡಿಸ್ಲೆಕ್ಸಿಯಾ (ಓದು ಬರಹದ ತೊಡಕು) ಅಲ್ಲ ಅನ್ನೋದು ನೆನಪಿರ್ಲಿ, ಎಷ್ಟೋ ಥೀಸಿಸ್‌ಗಳಲ್ಲಿ ಇದು ಕಲಸಿಹೋಗಿರುತ್ತೆ. ಹಾಸನದಂಥ ಊರಲ್ಲಿ ಹೆಸರು ಬದಲಾಯಿಸಿದ್ರೂ ಯಾರು ಅಂತ ಗೊತ್ತಾಗ್ಬಹುದು, ಸೆಂಟರಿನ ವಿವರ ತುಂಬಾ ಕೊಡ್ಬೇಡಿ. ಬದಲಿ ಹೆಸರು ಅವರೇ ಆರಿಸ್ಕೊಳ್ಳಲಿ, ನನ್ನ ಅಧ್ಯಯನದಲ್ಲಿ ಮೂರು ಜನ ಅಪ್ಪು ಆಗ್ಬೇಕು ಅಂದ್ರು, ಅಪ್ಪು 1, 2, 3 ಅಂತಲೇ ಹಾಕಿದೀನಿ. ಅವರ ಟೈಮಿಗೆ ದುಡ್ಡು ಕೊಡೋದಾದ್ರೆ ಅವರ ಕೈಗೇ ಕೊಡಿ, ಬರೆದಿದ್ದನ್ನ ಸರಳ ಕನ್ನಡದಲ್ಲಿ ಅವರಿಗೇ ಓದಿ ಹೇಳಿ, ತಪ್ಪು ಅಂದ್ರೆ ತಿದ್ದಿ. ಸಾಧ್ಯ ಆದ್ರೆ ಪ್ರಶ್ನೆ ತಯಾರಿ ಮಾಡೋವಾಗಲೇ ಇಬ್ರು ಮೂವರನ್ನ ಜೊತೆಗೆ ಕೂರಿಸ್ಕೊಳ್ಳಿ, ಬ್ರಿಟನ್ನಿನ ಸಂಶೋಧಕಿ ಜ್ಯಾನ್ ವಾಮ್ಸ್ಲಿ ಅಂಥೋರು ಇನ್‌ಕ್ಲೂಸಿವ್ ರಿಸರ್ಚ್ ಅಂತ ಕರೆದಿದ್ದು ಇದನ್ನೇ.

ಕೊನೇದು ಬಿಟ್ಟು ಬರೋದು. ನನ್ನ ಮೊದಲನೇ ಅಧ್ಯಯನದಲ್ಲಿ ಒಬ್ಬರ ಮನೆಗೆ ಆರು ಗುರುವಾರ ಹೋಗಿದ್ದೆ, ಡೇಟಾ ಸಾಕಾಯ್ತು, ಹೋಗೋದು ನಿಲ್ಲಿಸ್ದೆ, ಹೇಳಿ ಬರ್ಬೇಕು ಅಂತ ಹೊಳೀಲೇ ಇಲ್ಲ. ಎರಡು ತಿಂಗಳಾದ್ಮೇಲೆ ಅವರ ಅಮ್ಮ ಫೋನ್ ಮಾಡಿ, "ಗುರುವಾರ ಗುರುವಾರ ಶರ್ಟ್ ಹಾಕ್ಕೊಂಡು ಜಗಲಿ ಮೇಲೆ ಕೂತಿರ್ತಾನೆ, ಒಂದ್ಸಲ ಬಂದು ಹೋಗಿ" ಅಂದ್ರು. ಅವರನ್ನ ನೋಡಕ್ಕೆ ಅಂತ ಆ ಮನೆಗೆ ಬರ್ತಿದ್ದಿದ್ದು ನಾನೊಬ್ಬಳೇ, ಅದು ನಂಗೆ ಗೊತ್ತಿತ್ತು, ಬರೆದೂ ಇದ್ದೆ, ಆದ್ರೂ ಯೋಚನೆ ಮಾಡಿರ್ಲಿಲ್ಲ. ಈಗ ಮೊದಲನೇ ದಿನವೇ ಒಂದು ಕ್ಯಾಲೆಂಡರ್ ತಗೊಂಡು ಹೋಗ್ತೀನಿ, ಎಷ್ಟು ಸಲ ಬರ್ತೀನೋ ಅಷ್ಟು ದಿನಕ್ಕೆ ಸ್ಟಿಕ್ಕರ್ ಅಂಟಿಸಿ, ಪ್ರತಿ ಸಲ ಹೊರಡೋವಾಗ ಅವರ ಕೈಲೇ ಒಂದು ಕೀಳಿಸಿ, ಇನ್ನೆಷ್ಟು ಉಳೀತು ಅಂತ ಇಬ್ರೂ ಎಣಿಸ್ತೀವಿ, ಕೊನೇ ದಿನ ಜೊತೇಲಿ ಟೀ ಕುಡಿದು ಇದು ಕೊನೇ ಸಲ ಅಂತ ಬಾಯಿಬಿಟ್ಟು ಹೇಳ್ತೀನಿ. ನೀವೂ ಒಂದು ತಗೊಂಡು ಹೋಗಿ, ಅದು ಅವರ ಮನೆ ಗೋಡೆ ಮೇಲೆ ಇರ್ಲಿ, ನಿಮ್ಮ ಬ್ಯಾಗಲ್ಲಿ ಬೇಡ.